ನಿಲುಗಲ್ಲಿಗೆ ಹಾಕಿದ ಬೇಲಿ

“ಗುರುಗಳೇ, ನಿಮ್ಮ ಕಾಲದ ನಂತರ ನಿಮ್ಮ ಮಾತು ಕೆಡದ ಹಾಗೆ ಕಾಯುವುದು ಹೇಗೆ?” ಎಂದು ಶಿಷ್ಯ ಕೊಟ್ರಯ್ಯ ಕೇಳಿದ. ಉತ್ತರವನ್ನೂ ಅವನೇ ಬರೆದು ತಂದಿದ್ದ. ಕುರಿ ಕಾಯುವವರು, ಬಟ್ಟೆ ಒಗೆಯುವವರು ಸಂಜೆ ಮಠದ ಜಗಲಿಗೆ ಬಂದು ಕೂರುತ್ತಾರೆ, ಗುರುಗಳ ಮಾತನ್ನು ತಮಗೆ ತೋಚಿದಂತೆ ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಇನ್ನು ಮೇಲೆ ಅವರನ್ನು ಒಳಗೆ ಬಿಡಕೂಡದು ಎಂಬುದೇ ಮೊದಲ ನಿಯಮ. ಗುರುಗಳು ಹಾಳೆಯನ್ನು ಓದಿ, ಮಡಿಚಿಟ್ಟು, ಕತೆ ಹೇಳಿದರು.

ಒಬ್ಬ ರೈತನ ಹೊಲದಲ್ಲಿ ಎರಡಾಳೆತ್ತರದ ನಿಲುಗಲ್ಲೊಂದಿತ್ತು. ನೆಟ್ಟವರು ಯಾರೋ, ಯಾವ ಕಾಲದವರೋ, ಯಾರಿಗೂ ಗೊತ್ತಿರಲಿಲ್ಲ. ರೈತನ ಮನೆಯಲ್ಲಿ ಒಂದು ರೂಢಿ. ಉಳುವಾಗ ನೇಗಿಲಿಗೆ ಸಿಕ್ಕಿದ ಕಲ್ಲನ್ನು ಬದುವಿಗೆ ಎಸೆಯುವುದಿಲ್ಲ, ತಂದು ನಿಲುಗಲ್ಲಿನ ಬುಡಕ್ಕೆ ಹಾಕುತ್ತಾರೆ. ಯಾಕೆಂದು ಅಪ್ಪ ಹೇಳಲಿಲ್ಲ, ಮಗ ಕೇಳಲಿಲ್ಲ.

ಒಂದು ದಿನ ಪಟ್ಟಣದಿಂದ ಅಧಿಕಾರಿಯೊಬ್ಬ ಬಂದ. ಕಲ್ಲಿಗೆ ಮೂರು ಸುತ್ತು ಹಾಕಿ, “ರಾಜರುಗಳು ಹುಟ್ಟುವ ಮುಂಚಿನದಯ್ಯ ಇದು. ಈ ಸೀಮೆಯಲ್ಲೇ ಇಂಥದ್ದು ಇನ್ನೊಂದಿಲ್ಲ. ದನ ಮೈ ಉಜ್ಜದ ಹಾಗೆ ಬೇಲಿ ಹಾಕು, ಕಂಬ ತಂತಿ ನಾನು ಕಳಿಸುತ್ತೇನೆ” ಎಂದ. ರೈತ ಹಿಗ್ಗಿ ಹೀರೇಕಾಯಿಯಾದ. ಅದುವರೆಗೆ ಬರಿಯ ಕಲ್ಲಾಗಿದ್ದದ್ದು ಅಂದಿನಿಂದ ಅವನಿಗೆ ಪ್ರಾಣವಾಯಿತು.

ಸುತ್ತ ಹತ್ತು ಹೆಜ್ಜೆ ಬಿಟ್ಟು ಗುಂಡಿ ತೋಡಿ ಕಂಬ ನಿಲ್ಲಿಸಿದ. ಸಡಿಲ ಮಣ್ಣು, ಕಂಬ ಅಲ್ಲಾಡಿತು. ಗುಂಡಿಗೆ ಜಡಿಯಲು ಕಲ್ಲು ಬೇಕಾಯಿತು. ರೈತ ನಿಲುಗಲ್ಲಿನ ಬುಡಕ್ಕೆ ಕೈ ಹಾಕಿದ.

“ಅದನ್ನು ಯಾಕೆ ಮುಟ್ಟುತ್ತೀಯೋ? ನಿಮ್ಮಪ್ಪ, ನಿಮ್ಮಜ್ಜ ಹಾಕಿದ್ದು” ಎಂದಳು ತಾಯಿ.

“ಸುಮ್ಮನಿರವ್ವ. ಇಷ್ಟು ದೊಡ್ಡದನ್ನು ಕಾಯುವಾಗ ಈ ಚೂರುಪಾರು ಯಾವ ಲೆಕ್ಕ?” ಎಂದ ಮಗ.

ಮೇಲಿನ ರಾಶಿ ಮುಗಿಯಿತು. ಇನ್ನೂ ಎರಡು ಕಂಬ ಉಳಿದಿದ್ದವು. ಬುಡದ ಮಣ್ಣು ಕೆದಕಿ, ಒಳಗೆ ಒತ್ತಾಗಿ ಕೂತಿದ್ದ ಹಳೆಯ ಕಲ್ಲುಗಳನ್ನೂ ಕಿತ್ತ. ಅವಂತೂ ಹೇಳಿ ಮಾಡಿಸಿದಂತೆ ಗುಂಡಿಗೆ ಹೊಂದಿದವು. ಕಂಬವನ್ನು ಜಗ್ಗಿ ನೋಡಿದ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ.

ಮುಂಗಾರಿನ ಎರಡನೆಯ ಮಳೆಗೆ ನೆಲ ನೆನೆಯಿತು. ಬೆಳಿಗ್ಗೆ ರೈತ ಹೋಗಿ ನೋಡಿದರೆ ನಿಲುಗಲ್ಲು ಬೇಲಿಯೊಳಗೆ ಬಿದ್ದಿತ್ತು, ನಡುವೆ ಮುರಿದು ಎರಡಾಗಿ. “ಅಯ್ಯೋ, ನನ್ನ ಕೈಯಾರೆ ಕೆಡವಿದೆನಲ್ಲ” ಎಂದು ಎದೆ ಬಡಿದುಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಹೊರಗೆ ಜಗಲಿಯಲ್ಲಿ ಕುರಿ ಕಾಯುವವರು ಆಗಲೇ ಬಂದು ಕೂತಿದ್ದರು.

“ಆಮೇಲೆ ಏನಾಯಿತು, ಗುರುಗಳೇ?” ಎಂದ ಕೊಟ್ರಯ್ಯ.

ಗುರುಗಳು ಮಡಿಚಿದ ಹಾಳೆಯನ್ನು ಅವನ ಕೈಗೆ ಮರಳಿ ಕೊಟ್ಟರು.

“ಬೇಲಿ ಇವತ್ತಿಗೂ ಭದ್ರವಾಗಿದೆ, ಕೊಟ್ರಯ್ಯ.”