ಪ್ರಿಂಟರಿಗೆ ಬಾಗಿಲು ಮಾಡಿದ ಹಾಲಪ್ಪ

ಗಂಗಾಂಬಿಕೆಗೆ ಇದ್ದದ್ದು ಒಂದು ಲಗ್ನಪತ್ರಿಕೆಯ ಪ್ರೆಸ್ಸು, ಒಬ್ಬ ಮಗ. ಪ್ರೆಸ್ಸು ಓಡುತ್ತಿತ್ತು. ಮಗ ಹಾಲಪ್ಪನ ತಲೆ ಓಡುತ್ತಿರಲಿಲ್ಲ.

ಒಂದು ಬೆಳಿಗ್ಗೆ "ಕಸ ತೆಗೆಯೋ" ಅಂದಳು. ತೆಗೆದ! ಅಂಗಡಿಯ ಲಿನಕ್ಸ್ ಕಂಪ್ಯೂಟರಿನೊಳಗೆ ಹೊಕ್ಕು, ಖಾಲಿ ಕಂಡ ಪ್ರಿಂಟರಿನ ಡಿವೈಸ್ ಫೈಲನ್ನೇ ಕಸವೆಂದು ತೆಗೆದ.

"ಅಯ್ಯೋ ಬೆಪ್ಪೇ! ಅದು ಫೈಲಲ್ಲ, ಬಾಗಿಲು! ಅಲ್ಲಿ ಹಾಕಿದ್ದು ಪ್ರಿಂಟರಿಗೆ ಹೋಗುತ್ತೆ. ಸಂಜೆಗೆ ರೇವಣಸಿದ್ದಪ್ಪನ ಮಗಳ ಮದುವೆಯ ಐನೂರು ಕಾರ್ಡು ಕೊಡಬೇಕು. ಕೊಡದಿದ್ದರೆ ಆತ ಎದುರಿನ ಪ್ರೆಸ್ಸಿಗೆ ಹೋಗ್ತಾನೆ, ಆತನ ಹಿಂದೆ ಇಡೀ ಓಣಿಯೇ ಹೋಗುತ್ತೆ. ಎಂಕೆನಾಡ್ ಅನ್ನೋ ಆಜ್ಞೆ ಬರೆದು ಮತ್ತೆ ಬಾಗಿಲು ಮಾಡು!"

ಮಾಡಿದ. ಒಂದಲ್ಲ, ಹತ್ತು ಮಾಡಿದ. ಆಮೇಲೆ ಮೇಜು ಒರೆಸಿ, ಜಾಗ ಮಾಡಿ, ಕೈಕಟ್ಟಿ ಕೂತ.

"ಏನೋ ಕಾಯ್ತಿದ್ದೀಯ?"

"ಉಳಿದ ಒಂಬತ್ತು ಪ್ರಿಂಟರು ಬರ್ಲಿ ಅಂತ!"

"ಬೋರ್ಡು ಬರೆಸಿದರೆ ಸರಕು ಬರುತ್ತೇನೋ? ಹೆಸರು ಏನಾದ್ರೂ ಇಡು, ಕಂಪ್ಯೂಟರು ನೋಡೋದು ಬಾಗಿಲಿನ ಎರಡು ನಂಬರು. ಚೆನ್ನಾಗಿ ನಡೆಯೋ ಬಾಗಿಲಿನ ನಂಬರು ನೋಡಿ ಹಾಕು!"

ನೋಡಿದ. ಎಲ್ಲಕ್ಕಿಂತ ಚೆನ್ನಾಗಿ ನಡೆಯುತ್ತಿದ್ದದ್ದು ನಲ್ ಎಂಬ ಬಾಗಿಲು. ಎಷ್ಟು ಹಾಕಿದರೂ ನುಂಗುತ್ತೆ, ಸಾಕು ಅನ್ನೋದಿಲ್ಲ. ಅದರ ನಂಬರು ಒಂದು, ಮೂರು ಎತ್ತಿ ಪ್ರಿಂಟರಿನ ಬಾಗಿಲಿಗೆ ಹಾಕಿದ. ಕಣ್ಣು ಮಿಟುಕಿಸುವಷ್ಟರಲ್ಲಿ ಐನೂರು ಕಾರ್ಡೂ ಒಳಗೆ ಹೋದವು.

"ಅವ್ವಾ, ಮುಗೀತು! ಸದ್ದಿಲ್ಲ, ಶಾಯಿ ಇಲ್ಲ, ಒಂದು ಹಾಳೆನೂ ಖರ್ಚಿಲ್ಲ!"

ಇಂಥ ಉಳಿತಾಯ ಮಾಡುವ ಮಗನಿದ್ದರೆ ಅಂಗಡಿ ಮುಚ್ಚಲು ಬೇರೆ ಶತ್ರು ಬೇಡ. ಗಂಗಾಂಬಿಕೆ ಹಣೆ ಚಚ್ಚಿಕೊಂಡಳು. "ಅದು ಪಾತಾಳ ಕಣೋ! ಅಲ್ಲಿ ಹಾಕಿದ್ದು ತಿರುಗಿ ಬರೋದಿಲ್ಲ. ಕೊಟ್ಟಿದ್ದನ್ನ ಹಿಡಿದಿಟ್ಟುಕೊಳ್ಳೋದಕ್ಕೆ ಕೊಡೋ!"

ಕೊಟ್ಟ. ಕೊಟ್ಟಿದ್ದನ್ನೆಲ್ಲ ಹಿಡಿದಿಡುವುದು ಹಾರ್ಡ್ ಡಿಸ್ಕು. ಅದರ ನಂಬರು ಎಂಟು, ಸೊನ್ನೆ ಹಾಕಿ, ಐನೂರು ಕಾರ್ಡನ್ನೂ ಅದರ ನೆತ್ತಿಯ ಮೇಲೇ ಸುರಿದ. ಇದ್ದಬದ್ದ ಮಾದರಿ, ಅಕ್ಷರ, ಗಣಪತಿಯ ಚಿತ್ರ, ಎಲ್ಲದರ ಮೇಲೂ ರೇವಣಸಿದ್ದಪ್ಪನ ಮಗಳ ಮದುವೆ ಕೂತಿತು. ಪರದೆ ಕಪ್ಪಾಯಿತು. ಆಮೇಲೆ ಬೆಳಗಲೇ ಇಲ್ಲ.

ಅಷ್ಟರಲ್ಲಿ ರೇವಣಸಿದ್ದಪ್ಪ ಚೀಲ ಹಿಡಿದು ಬಂದ. "ಎಲ್ಲಿ ತಾಯಿ, ನನ್ನ ಕಾರ್ಡು?"

ಗಂಗಾಂಬಿಕೆ ಮಗನತ್ತ ನೋಡಿ, "ಅವು ಎಲ್ಲಿ ಹೋದವೋ, ಅಲ್ಲಿಂದ ತಂದು ಕೊಡೋ!" ಅಂದಳು.

ಹಾಲಪ್ಪ ವೈರು ಕಿತ್ತ. ಕಂಪ್ಯೂಟರಿನ ಡಬ್ಬಿಯ ನಾಲ್ಕೂ ಮೂಲೆಗೆ ಅರಿಸಿನ ಹಚ್ಚಿದ. ಎತ್ತಿ ಹೆಣ್ಣಿನ ತಂದೆಯ ಕೈಗಿಟ್ಟು ನಮಸ್ಕಾರ ಮಾಡಿದ.

"ಐನೂರೂ ಇದರಲ್ಲೇ ಇವೆ, ಯಜಮಾನ್ರೇ. ಮನೆಮನೆಗೂ ಹೊತ್ತು ತೋರಿಸಿ. ಆದರೆ ಮೊದಲನೇ ಮನೇಲೇ ಬಿಟ್ಟು ಬರಬೇಡಿ. ಇನ್ನೂ ನಾನೂರ ತೊಂಬತ್ತೊಂಬತ್ತು ಮನೆಯವರು ಕಾಯ್ತಿರ್ತಾರೆ!"