ಅರ್ಧಕ್ಕೆ ನಿಂತ ಕೈ

“ತೀರ್ಪು ಕೊಟ್ಟಾಂವ ರೆಫ್ರಿ. ತಪ್ಪಾಗಿದ್ರ ಅವನ ತಪ್ಪು. ನಾ ಬಾಯಿ ಮುಚ್ಚಿಕೊಂಡು ಸುಮ್ಮನ ಕುಂತರ ಅದರಾಗ ನಂದೇನು ತಪ್ಪೈತ್ರಿ, ವಸ್ತಾದ್ರ?”

ಕೇಳಿದವನು ಕಲ್ಮೇಶ. ಊರಿನ ಹೈಸ್ಕೂಲಿನಲ್ಲಿ ಹುಡುಗರಿಗೆ ಫುಟ್‌ಬಾಲ್ ಕಲಿಸುವವನು. ಚಿಕ್ಕಂದಿನಲ್ಲಿ ಗರಡಿಮನೆಯ ಮಣ್ಣಿನಲ್ಲಿ ಹೊರಳಿ ಬೆಳೆದವನು. ಕುಸ್ತಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಆದರೆ ಮನಸ್ಸಿಗೆ ಏನಾದರೂ ಚುಚ್ಚಿದರೆ ಗರಡಿಯ ಗುರು ಇಮಾಮಸಾಬ ವಸ್ತಾದರ ಹತ್ತಿರ ಬರುವುದನ್ನು ಬಿಟ್ಟಿರಲಿಲ್ಲ.

ಆಗಿದ್ದು ಇಷ್ಟು. ಜಿಲ್ಲೆಯ ಶಾಲೆಗಳ ಪಂದ್ಯಾವಳಿಯ ಫೈನಲ್. ಆ ಮೈದಾನದ ಗೋಲ್ ಕಂಬಗಳಿಗೆ ಬಲೆ ಕಟ್ಟುವ ಪದ್ಧತಿಯೇ ಇಲ್ಲ. ಬಲೆ ಇಲ್ಲದ ಗೋಲಿನಲ್ಲಿ ಚೆಂಡು ಕಂಬದ ಒಳಗಿನಿಂದ ಹೋಯಿತೋ ಹೊರಗಿನಿಂದ ಹೋಯಿತೋ ದೂರದವರಿಗೆ ತಿಳಿಯುವುದಿಲ್ಲ. ಆಟ ಮುಗಿಯುವ ಹೊತ್ತಿಗೆ ಕಲ್ಮೇಶನ ಶಾಲೆಯ ಹುಡುಗ ಒದ್ದ ಚೆಂಡು ಕಂಬದ ಹೊರಗಿನಿಂದ ಹಾದುಹೋಯಿತು. ಎಲ್ಲೋ ದೂರ ಉಳಿದಿದ್ದ ರೆಫ್ರಿ ಏದುಸಿರು ಬಿಡುತ್ತ ಓಡಿ ಬಂದು ಗೋಲ್ ಎಂದು ಸೀಟಿ ಊದಿದ. ಕಲ್ಮೇಶ ಅದೇ ಕಂಬದ ಹಿಂದೆ, ತನ್ನ ಶಾಲೆಯ ಹುಡುಗರ ಗುಂಪಿನ ನಡುವೆ ನಿಂತಿದ್ದ. ಅಲ್ಲಿ ನಿಂತವರಿಗೆಲ್ಲ ಸರಿಯಾಗಿಯೇ ಕಂಡಿತ್ತು. ಹುಡುಗರು ಕುಣಿದರು, ಗುಲಾಲು ಎರಚಿದರು. ಅವರ ಜೊತೆ ಕಲ್ಮೇಶನೂ ಕುಣಿದ.

ಸೋತ ಶಾಲೆಯವರು ದೂರು ಕೊಟ್ಟರು. ನಾಲ್ಕು ದಿನದಿಂದ ಎರಡೂ ಊರುಗಳಲ್ಲಿ ಅದೇ ಮಾತು, ಅದೇ ಜಗಳ. ನಾಳೆ ಪಂದ್ಯಾವಳಿಯ ಕಮಿಟಿ ಸೇರುತ್ತದೆ. ನೀನು ಕಂಬದ ಹಿಂದೆಯೇ ಇದ್ದೆಯಲ್ಲ, ಏನು ಕಂಡೆ ಎಂದು ಕಲ್ಮೇಶನನ್ನು ಕೇಳುತ್ತದೆ. ಗೋಲ್ ಎಂದರೆ ಅವನ ಹುಡುಗರು ಜಿಲ್ಲೆಯ ಹೊರಗೆ ಆಡಲು ಹೋಗುತ್ತಾರೆ. ಆ ಶಾಲೆಯಿಂದ ಯಾರೂ ಅಷ್ಟು ದೂರ ಹೋದದ್ದಿಲ್ಲ. ಅಲ್ಲ ಎಂದರೆ ಗೆದ್ದ ಕಪ್ಪು ಕೈತಪ್ಪುತ್ತದೆ, ಊರಿನವರ ಸಿಟ್ಟಿಗೆ ಕಲ್ಮೇಶ ಗುರಿಯಾಗುತ್ತಾನೆ.

“ನಾ ಸುಳ್ಳಂತೂ ಹೇಳಿಲ್ರಿ,” ಎಂದ ಕಲ್ಮೇಶ. “ಇಲ್ಲೀತನಕ ಯಾರೂ ನನ್ನ ಕೇಳಿಲ್ಲ, ನಾನೂ ಹೇಳಿಲ್ಲ.”

ದಾರಿಯುದ್ದಕ್ಕೂ ಯೋಚಿಸಿ ಕಟ್ಟಿಕೊಂಡು ಬಂದ ಮಾತು ಅದು. ಅದಕ್ಕೆ ಎದುರುತ್ತರ ಇಲ್ಲವೆಂದು ಅವನಿಗೆ ಖಾತ್ರಿಯಿತ್ತು.

ವಸ್ತಾದರು ಗರಡಿಯ ಮಣ್ಣಿಗೆ ಎಣ್ಣೆ ಬೆರೆಸುತ್ತಿದ್ದರು. ಕೈ ಕೊಡವಿ ಎದ್ದು ಕಟ್ಟೆಯ ಮೇಲೆ ಕುಳಿತರು. ಕುಳಿತುಕೋ ಎಂದು ಅವನಿಗೂ ಕಣ್ಣಿನಲ್ಲೇ ಹೇಳಿ ಈ ಕತೆ ಹೇಳಿದರು.

ಹೊಳೆಯ ಈ ದಂಡೆಗೆ ಒಂದು ಶಾಲೆ, ಆ ದಂಡೆಗೆ ಒಂದು ಶಾಲೆ. ಈ ದಂಡೆಯ ಶಾಲೆಯಲ್ಲಿ ಒಬ್ಬ ಮಾಸ್ತರ ಇದ್ದ. ಫುಟ್‌ಬಾಲ್ ಎಂದರೆ ಅವನಿಗೆ ಪ್ರಾಣ. ಆದರೆ ಒಲ್ಲೆ ಎನ್ನಲು ಬಾರದವನ ತಲೆಗೆ ಎಲ್ಲರೂ ಕೆಲಸ ಕಟ್ಟುತ್ತಾರೆ. ಸಂಜೆ ಹುಡುಗರು ಚೆಂಡು ಹಿಡಿದು ಮೈದಾನಕ್ಕೆ ಇಳಿಯುವ ಹೊತ್ತಿಗೆ ಮಾಸ್ತರ ಒಳಗೆ ಕುಳಿತು, ಲೆಕ್ಕ ತಲೆಗೆ ಹತ್ತದ ಮಕ್ಕಳಿಗೆ ಲೆಕ್ಕ ಹೇಳಿಕೊಡಬೇಕಿತ್ತು. ಹೊರಗೆ ಸೀಟಿ ಊದುವವರು ಯಾರೂ ಇರಲಿಲ್ಲ.

ಅದಕ್ಕಾಗಿ ಅವನೊಂದು ಪದ್ಧತಿ ಹಾಕಿಕೊಟ್ಟ. ಯಾರ ಕೈಗೆ ಚೆಂಡು ತಾಗುತ್ತದೋ ಅವನೇ ಕೈ ಎತ್ತಬೇಕು. ಚೆಂಡನ್ನು ನೆಲಕ್ಕಿಟ್ಟು ಹಿಂದೆ ಸರಿಯಬೇಕು. ಇದರಲ್ಲಿ ಧರ್ಮ, ನೀತಿ ಎಂಬ ದೊಡ್ಡ ಮಾತೇನೂ ಇರಲಿಲ್ಲ. ಸೀಟಿ ಇಲ್ಲದೆ ಆಟ ಸಾಗಬೇಕಾದರೆ ಬೇರೆ ದಾರಿ ಇರಲಿಲ್ಲ, ಅಷ್ಟೇ.

ಮೊದಮೊದಲು ಹುಡುಗರು ಮುಖ ಗಂಟಿಕ್ಕಿದರು. ಕೈ ಎತ್ತಿದವನಿಗೆ ತನ್ನ ಕಡೆಯವರಿಂದಲೇ ಬೈಗುಳ. ಬರಬರುತ್ತ ಅದು ರೂಢಿಯಾಯಿತು. ಎಡವಿದವನು ತಾನಾಗಿ ನೆಲಕ್ಕೆ ಕೈ ಊರುವಂತೆ, ಚೆಂಡು ತಾಗಿದವನ ಕೈ ತಾನಾಗಿ ಮೇಲೇಳುತ್ತಿತ್ತು. ಮಾಸ್ತರ ಲೆಕ್ಕ ಹೇಳುತ್ತ ಹೇಳುತ್ತ ಕಿಟಕಿಯಿಂದ ಇಣುಕುತ್ತಿದ್ದ. ಅಲ್ಲೊಂದು ಕೈ ಎದ್ದಿತು, ಆಟ ನಿಂತಿತು, ಮತ್ತೆ ಓಡಿತು. ನೋಡಿ ಅವನ ಎದೆ ತುಂಬಿ ಬರುತ್ತಿತ್ತು. ನನ್ನ ಹುಡುಗರು, ಎಂದು ಮನಸ್ಸಿನಲ್ಲೇ ಬೀಗುತ್ತಿದ್ದ.

ಜಗಳಕ್ಕೆ ಹೋಗುವ ಹೊತ್ತೆಲ್ಲ ಆಟಕ್ಕೆ ಉಳಿಯಿತು. ಹುಡುಗರು ಚುರುಕಾದರು. ಒಂದು ವರ್ಷ ಯಾರೂ ಎಣಿಸದೆ ಇದ್ದಾಗ ಫೈನಲಿಗೆ ಬಂದು ನಿಂತರು. ಎದುರಾಳಿ ಆ ದಂಡೆಯ ಶಾಲೆ. ಹೊಳೆಯ ನೀರಿನಿಂದ ಹಿಡಿದು ಸಂತೆಯ ಜಾಗದವರೆಗೆ ಎಲ್ಲದಕ್ಕೂ ಕಾದಾಡಿಕೊಂಡು ಬಂದ ಎರಡು ಊರುಗಳು, ಮೈದಾನದ ಸುತ್ತ ಇರುವೆ ಹೋಗಲೂ ಜಾಗವಿಲ್ಲದಂತೆ ನೆರೆದವು.

ಆಟ ಸಮ ಸಮ. ಇನ್ನೇನು ಮುಗಿಯಬೇಕು, ಆಗ ಮೂಲೆಯಿಂದ ಚೆಂಡು ತೇಲಿ ಬಂತು. ಈ ದಂಡೆಯ ಶಾಲೆಯ ಕ್ಯಾಪ್ಟನ್ ಜಿಗಿದ. ತಲೆಗೆ ಎಟುಕಲಿಲ್ಲ, ಕೈಗೆ ತಾಗಿತು. ಬೇಕೆಂದು ಮಾಡಿದ್ದಲ್ಲ. ತಾಗಿದ ಚೆಂಡು ಸೀದಾ ಗೋಲಿನೊಳಗೆ ಹೋಯಿತು. ರೆಫ್ರಿಯ ಕಣ್ಣಿಗೆ ಹುಡುಗರ ಬೆನ್ನು ಅಡ್ಡವಾಗಿತ್ತು. ಅವನು ಗೋಲ್ ಎಂದು ಊದಿದ.

ಕ್ಯಾಪ್ಟನ್‌ನ ಕೈ ರೂಢಿಯಂತೆ ಮೇಲೆ ಎದ್ದಿತು. ಹೆಗಲ ಮಟ್ಟಕ್ಕೆ ಬಂದು ನಿಂತಿತು. ಹುಡುಗ ತಿರುಗಿ ಗೆರೆಯ ಹೊರಗೆ ನಿಂತ ಮಾಸ್ತರನನ್ನು ನೋಡಿದ.

ಮಾಸ್ತರನಿಗೆ ಕೈ ತಾಗಿದ್ದು ಕಂಡಿತ್ತು. ಹುಡುಗ ಏನು ಕೇಳುತ್ತಿದ್ದಾನೆ ಎಂಬುದೂ ತಿಳಿದಿತ್ತು. ಆದರೆ ಸುತ್ತ ಊರಿಗೆ ಊರೇ ಹುಚ್ಚೆದ್ದು ಕೂಗುತ್ತಿತ್ತು. ರೆಫ್ರಿ ಊದಿಯಾಯಿತು, ನಾನು ಊದಿದ್ದಲ್ಲವಲ್ಲ ಎಂದುಕೊಂಡು ಮಾಸ್ತರ ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳಲು ಶುರುಮಾಡಿದ. ಅವನು ತಲೆ ಎತ್ತುವಷ್ಟರಲ್ಲಿ ಹುಡುಗನ ಕೈ ಪೂರ್ತಿ ಮೇಲೆ ಹೋಗಿತ್ತು. ಆದರೆ ಅದು ಮುಷ್ಟಿ ಕಟ್ಟಿದ ಕೈ. ಗೆದ್ದವರು ಎತ್ತುವಂಥದ್ದು. ಮಿಕ್ಕ ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು.

ಆ ದಂಡೆಯವರು ಬೊಬ್ಬೆ ಹೊಡೆದರು, ದೂರು ಕೊಟ್ಟರು. ಕಮಿಟಿಯವರು ರೆಫ್ರಿಯ ಮಾತೇ ಕೊನೆಯ ಮಾತು ಎಂದು ಕೈತೊಳೆದುಕೊಂಡರು. ಎಲ್ಲರ ಸಿಟ್ಟೂ ರೆಫ್ರಿಯ ಮೇಲೆ ತಿರುಗಿತು. ಅವನು ಪೇಟೆಯಲ್ಲಿ ಹೊಲಿಗೆ ಅಂಗಡಿ ಇಟ್ಟವನು, ಒಬ್ಬರ ಗಂಟು ತಿಂದವನಲ್ಲ. ಆ ದಂಡೆಯ ಗಿರಾಕಿಗಳು ಅವನ ಅಂಗಡಿಯ ಮೆಟ್ಟಿಲು ಹತ್ತುವುದನ್ನು ಬಿಟ್ಟರು. ಈ ದಂಡೆಯವರು ಅವನನ್ನು ಕಂಡರೆ ನಗುತ್ತ ಕಣ್ಣು ಮಿಟುಕಿಸುತ್ತಿದ್ದರು. ಅವನಿಗೆ ಆ ನಗುವೇ ಹೆಚ್ಚು ನೋಯಿಸಿತು. ಅವನು ಮತ್ತೆ ಸೀಟಿ ಮುಟ್ಟಲಿಲ್ಲ.

ಪಾಪ, ಅವನಿಗೆ ಕಣ್ಣು ಮಂಜು, ಎಂದು ಊರು ಆಡಿಕೊಂಡಿತು. ಮಾಸ್ತರನೂ ಹೌದೆಂದು ತಲೆಯಾಡಿಸಿದ. ತಲೆಯಾಡಿಸಿದ ದಿನ ಅವನಿಗೆ ಊಟ ಸೇರಲಿಲ್ಲ. ಆದರೆ ತನ್ನ ಮೈಮೇಲೆ ಬರಬೇಕಾದದ್ದು ಇನ್ನೊಬ್ಬನ ಮೈಮೇಲೆ ಹೋಯಿತಲ್ಲ ಎಂದು ಒಳಗೊಳಗೇ ಹಾಯೆನಿಸಿದ್ದೂ ಸುಳ್ಳಲ್ಲ.

ಕಪ್ಪು ಹೆಡ್‌ಮಾಸ್ತರರ ಕೋಣೆಗೆ ಬಂತು. ಹುಡುಗರು ಮೈದಾನಕ್ಕೆ ಮರಳಿದರು. ಒಂದು ಸಂಜೆ ಎಂಟನೇ ಇಯತ್ತೆಯ ಹುಡುಗನೊಬ್ಬನ ಕೈಗೆ ಚೆಂಡು ತಾಗಿತು. ಅವನು ಕೈ ಎತ್ತಲಿಲ್ಲ. ಉಳಿದವರು ಕೂಗಿದರೆ, ರೆಫ್ರಿ ಊದಿದನೇನು ಎಂದು ಕೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಟ ಮುಂದುವರಿಯಿತು. ಮರುದಿನ ಇನ್ನೊಬ್ಬ ಹಾಗೆಯೇ ಮಾಡಿದ. ಆಗ ನಗು ಕಡಿಮೆಯಿತ್ತು. ಆಮೇಲೆ ಯಾರೂ ನಗಲಿಲ್ಲ, ಯಾರೂ ಕೈಯನ್ನೂ ಎತ್ತಲಿಲ್ಲ. ಚೆಂಡು ಉರುಳುವುದಕ್ಕಿಂತ ನಿಲ್ಲುವುದೇ ಹೆಚ್ಚಾಯಿತು. ತಾಗಿತು, ತಾಗಲಿಲ್ಲ, ಅಂಗಿ ಹರಿಯಿತು, ಹಲ್ಲು ಮುರಿಯಿತು.

ಮಾಸ್ತರ ಲೆಕ್ಕದ ಕ್ಲಾಸು ಬಿಟ್ಟು ತಾನೇ ಸೀಟಿ ಹಿಡಿದು ಮೈದಾನಕ್ಕಿಳಿದ. ಹುಡುಗರು ಅವನ ಬೆನ್ನು ನೋಡಿ ಆಡುವುದನ್ನು ಕಲಿತರು. ಅವನು ಈ ಕಡೆ ತಿರುಗಿದರೆ ಆ ಕಡೆ ಕೈಯಾಟ. ಆ ಕಡೆ ಓಡಿದರೆ ಈ ಕಡೆ ಕಾಲು ಕೊಟ್ಟು ಬೀಳಿಸುವುದು. ಒಂದು ದಿನ ಕಣ್ಣೆದುರೇ ಕೈ ತಾಗಿಸಿಕೊಂಡ ಹುಡುಗನೊಬ್ಬನ ರಟ್ಟೆ ಹಿಡಿದು ನಿಲ್ಲಿಸಿದ.

“ಚೆಂಡು ಕೈಗೆ ತಾಗಿದ್ದು ನಿನಗ ಗೊತ್ತಾಗಲಿಲ್ಲೇನು?”

“ಗೊತ್ತಾತ್ರಿ ಸರ,” ಎಂದ ಹುಡುಗ. “ನೀವು ನೋಡಿದ್ರೇನ್ರಿ?”

ಕುಚೋದ್ಯಕ್ಕೆ ಕೇಳಿದ್ದಲ್ಲ. ಆಟದ ನಿಯಮ ಕೇಳುವಷ್ಟೇ ಸಹಜವಾಗಿ ಕೇಳಿದ. ಮಾಸ್ತರ ಅವನ ರಟ್ಟೆ ಬಿಟ್ಟ. ಸೀಟಿ ಊದಿದ.

ಆ ವರ್ಷ ಅವರು ಮೊದಲ ಪಂದ್ಯದಲ್ಲೇ ಸೋತರು. ಅರ್ಧ ಆಟದ ಹೊತ್ತಿಗೆ ಆ ಪಂದ್ಯದ ರೆಫ್ರಿ ತಪ್ಪಾಟಕ್ಕಾಗಿ ಕೆಲವು ಹುಡುಗರನ್ನು ಹೊರಗೆ ಕಳಿಸಿದ್ದ. ಒಳಗೆ ಉಳಿದವರು ತಮ್ಮತಮ್ಮಲ್ಲೇ ಬೈದಾಡುತ್ತಿದ್ದರು. ಆ ದಂಡೆಯ ಶಾಲೆ ಗೆಲ್ಲುತ್ತ ಹೋಯಿತು. ಮಾಸ್ತರನಿಗೆ ತಡೆಯಲಾಗಲಿಲ್ಲ. ಅವರಿಗೆ ಎಂಥ ಕೋಚ್ ಸಿಕ್ಕಿರಬಹುದು, ನೋಡಿಯೇ ಬರುತ್ತೇನೆ ಎಂದು ಒಂದು ಸಂಜೆ ಹೊಳೆ ದಾಟಿದ.

ಅಲ್ಲಿ ಕೋಚೂ ಇರಲಿಲ್ಲ, ಸೀಟಿಯೂ ಇರಲಿಲ್ಲ. ಹುಡುಗರು ತಾವೇ ಆಡುತ್ತಿದ್ದರು. ನೋಡುತ್ತಿದ್ದಂತೆ ಒಬ್ಬನ ಕೈ ಮೇಲೆದ್ದಿತು. ಚೆಂಡು ನೆಲಕ್ಕೆ ಬಂತು, ಆಟ ಮತ್ತೆ ಓಡಿತು. ಆಟ ಮುಗಿದ ಮೇಲೆ ಮಾಸ್ತರ ಕೈ ಎತ್ತಿದ ಹುಡುಗನನ್ನು ಕರೆದ.

“ಹೋದ ವರ್ಷ ಕೈಲೆ ಹೊಡೆದ ಗೋಲಿಗೆ ನೀವು ಸೋತವರು. ಆದರೂ ಕೈ ಎತ್ತತೀರಲ್ಲೊ?”

“ಸೀಟಿ ಊದಾವ್ರು ನಮ್ಮಲ್ಲೆ ಯಾರೂ ಇಲ್ರಿ,” ಎಂದ ಹುಡುಗ. ಬಂದವರು ಯಾರೆಂದು ಅವನಿಗೆ ಗೊತ್ತಿರಲಿಲ್ಲ. “ನಾವ ಹೇಳಲಿಲ್ಲಂದ್ರ ಆಟ ಹೆಂಗ ನಡೀತೈತ್ರಿ?”

ಮಾಸ್ತರ ಹೊಳೆ ದಾಟಿ ವಾಪಸು ಬಂದ. ಮರುದಿನ ಹುಡುಗರನ್ನೆಲ್ಲ ಮೈದಾನದಲ್ಲಿ ಕೂರಿಸಿದ. ಕಪ್ಪು ಗೆದ್ದ ಗೋಲು ಗೋಲಲ್ಲ, ಕ್ಯಾಪ್ಟನ್ ಕೈ ಎತ್ತಲು ಹೋಗಿದ್ದ, ನಾನು ನೋಡಿಯೂ ನೋಡದವನಂತೆ ಇದ್ದೆ ಎಂದು ಒಂದೂ ಬಿಡದೆ ಹೇಳಿದ. ಹೊಲಿಗೆ ಅಂಗಡಿಗೆ ಹೋಗಿ ಆ ರೆಫ್ರಿಯ ಕಾಲಿಗೂ ಬಿದ್ದ. ಕಪ್ಪನ್ನು ಹೊತ್ತು ಆ ದಂಡೆಗೆ ತಲುಪಿಸಿ ಬಂದ. ಊರು ಅವನನ್ನು ಉಗಿಯಿತು. ಅವನು ಜಗ್ಗಲಿಲ್ಲ.

ಹುಡುಗರು ಅವನ ಮಾತನ್ನು ಮರ್ಯಾದೆಯಿಂದಲೇ ಕೇಳಿದರು. ಕೇಳಿ ಎದ್ದು ಆಡಲು ಹೋದರು. ಸ್ವಲ್ಪ ಹೊತ್ತಿಗೆ ಚೆಂಡು ಒಬ್ಬನ ಕೈಗೆ ತಾಗಿತು. ಅವನು ಮೊದಲು ಸುತ್ತ ಕಣ್ಣು ಹಾಯಿಸಿ, ಮಾಸ್ತರ ಎತ್ತ ನೋಡುತ್ತಿದ್ದಾನೆ ಎಂದು ನೋಡಿಕೊಂಡ.

ವಸ್ತಾದರು ಅಲ್ಲಿಗೆ ನಿಲ್ಲಿಸಿದರು.

ಕತೆಯ ಮಾಸ್ತರನ ಮೇಲೆ ಕಲ್ಮೇಶನಿಗೆ ಮರುಕವೂ ಬಂತು, ಸಿಟ್ಟೂ ಬಂತು. ಇಷ್ಟೆಲ್ಲ ಮಾಡುವವನು ಒಂದು ವರ್ಷ ಯಾಕೆ ಕಾಯಬೇಕಿತ್ತು? ತಾನು ಅಂಥ ದಡ್ಡನಲ್ಲ. ಕಮಿಟಿ ನಾಳೆಯೇ ಇದೆ. ಇನ್ನೂ ಏನೂ ಕೈಮೀರಿಲ್ಲ. ಹಾಗೆಂದುಕೊಂಡದ್ದೇ ಅವನ ಮೈ ಹಗುರಾಯಿತು. ಪಂಜೆಯ ಧೂಳು ಕೊಡವಿ ಎದ್ದು ನಿಂತ.

“ತಿಳೀತ್ರಿ ವಸ್ತಾದ್ರ,” ಎಂದ. “ಆ ಮಾಸ್ತರ ತಡಾ ಮಾಡಿದ. ನಾ ಮಾಡೂದಿಲ್ಲ. ಕಪ್ಪು ಹೋದ್ರ ಹೋಗಲಿ, ನಾಳೆ ಕಮಿಟಿ ಮುಂದ ಖರೇ ಹೇಳಿಬಿಡ್ತೇನಿ.”

ಭೇಷ್ ಎನ್ನುತ್ತಾರೆ ಎಂದು ಕಾದ. ವಸ್ತಾದರು ಆಗಲೇ ಎದ್ದು ಮಣ್ಣಿಗೆ ಕೈ ಹಾಕಿದ್ದರು. ತಲೆ ಎತ್ತದೆ ಹೇಳಿದರು:

“ಕಮಿಟಿ ನಿನ್ನ ಉತ್ತರ ನಾಳೆ ಕೇಳತೈತಿ ಕಲ್ಮೇಶ, ನೀ ಕುಣಿದಾಗ ನಿನ್ನ ಹುಡುಗರಿಗೆ ಅದು ಸಿಕ್ಕು ನಾಕು ದಿನಾ ಆತು.”