ಸೊನ್ನೆ ತೋರಿಸಿದ ಮೀಟರು

ಒಂದು ಪಟ್ಟಣದ ಕೊಳಚೆ ನೀರೆಲ್ಲ ಹರಿದು ಬಂದು ಒಂದು ಆಳವಾದ ಬಾವಿಗೆ ಬೀಳುತ್ತಿತ್ತು. ಅಲ್ಲಿಂದ ಪಂಪುಗಳು ಅದನ್ನು ಮೇಲೆತ್ತಿ ಶುದ್ಧೀಕರಣ ಘಟಕಕ್ಕೆ ಕಳುಹಿಸುತ್ತಿದ್ದವು. ಶುದ್ಧವಾದ ನೀರು ಕೆರೆ ಸೇರುತ್ತಿತ್ತು. ಕೊಳೆ ಇದ್ದಲ್ಲಿ ಕಾಗೆ ಇರುತ್ತದೆ. ಆದರೆ ಈ ಬಾವಿಯ ಕಟ್ಟೆಯ ಮೇಲೆ ಒಂದು ಕಾಗೆಯೂ ಕೂರುತ್ತಿರಲಿಲ್ಲ. ಅವು ದೂರದ ಬೇಲಿಯ ಮೇಲೆ ಸಾಲಾಗಿ ಕೂತು ಬಾವಿಯ ಕಡೆ ನೋಡುತ್ತಿದ್ದವು. ಹಾರುವಾಗಲೂ ಅದನ್ನು ತಪ್ಪಿಸಿ ಸುತ್ತು ಹಾಕಿ ಹಾರುತ್ತಿದ್ದವು.

ಆ ಘಟಕಕ್ಕೆ ತರಬೇತಿ ಪಡೆದ ಪದವೀಧರರು ಬೇಕಾಗಿದ್ದರು. ಪಟ್ಟಣದಲ್ಲಿ ಪದವೀಧರರಿಗೆ ಕೊರತೆ ಇರಲಿಲ್ಲ, ತರಬೇತಿಗೆ ಇತ್ತು. ಆದ್ದರಿಂದ ಹಸಿರು ಕೌಶಲ ಕೇಂದ್ರವೊಂದು ತೆರೆಯಿತು. ಪಶುಪತಿ ಎಂಬವರು ಅದರ ಮುಖ್ಯಸ್ಥರಾದರು. ಗೋಡೆಗಳಿಗೆ ಹಸಿರು ಬಣ್ಣ ಬಳಿಸಿದರು. ಬಾಗಿಲಲ್ಲಿ ಹೂವಿನ ಕುಂಡಗಳನ್ನು ಇಡಿಸಿದರು. ಉದ್ಘಾಟನೆಗೆ ಬಂದವರು ಸಸಿ ನೆಟ್ಟು, ಫೋಟೊ ತೆಗೆಸಿಕೊಂಡು, ಕೈ ತೊಳೆದು ಹೋದರು.

ಕೆಲವು ವರ್ಷಗಳಲ್ಲಿ ಹಲವು ಬ್ಯಾಚುಗಳು ಅಲ್ಲಿ ಪಾಸಾಗಿ ಹೋದವು. ಆಮೇಲೆ ಸೇರಿದವರಲ್ಲಿ ಇಂದುಧರ ಮತ್ತು ಗೌರಾ ಎಂಬ ಇಬ್ಬರಿದ್ದರು. ಇಂದುಧರ ರಸಾಯನಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಅಂಗಡಿಯೊಂದರಲ್ಲಿ ಮೊಬೈಲುಗಳಿಗೆ ಗಾಜು ಅಂಟಿಸುತ್ತಿದ್ದ. ಅವನಿಗೆ ಕೆಲಸ ಸಿಗದಿದ್ದರೆ ಆ ವರ್ಷ ಅವನ ತಂಗಿ ಕಾಲೇಜು ಬಿಡಬೇಕಿತ್ತು. ಗೌರಾ ಪರಿಸರ ವಿಜ್ಞಾನ ಓದಿ, ಸೀರೆ ಅಂಗಡಿಯಲ್ಲಿ ಗಿರಾಕಿಗಳು ಬಿಚ್ಚಿಸಿ ಬೇಡವೆಂದ ಸೀರೆಗಳನ್ನು ಮಡಿಸಿಡುವ ಕೆಲಸ ಮಾಡುತ್ತಿದ್ದಳು.

ಕೇಂದ್ರದಲ್ಲಿ ಬಾವಿಯನ್ನು ಪರದೆಯ ಮೇಲೆ ತೋರಿಸಿದರು. ಯಾರನ್ನೂ ಅದರ ಬಳಿಗೆ ಕರೆದೊಯ್ಯಲಿಲ್ಲ. ಪ್ರಾಯೋಗಿಕ ಪರೀಕ್ಷೆಯ ದಿನ ಪಶುಪತಿಯವರು ಗಾಜಿನ ಬೀರುವಿನ ಬೀಗ ತೆಗೆದು, ವಿಷಾನಿಲ ಅಳೆಯುವ ಮೀಟರನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಬಂದರು. ನಲ್ಲಿ ನೀರು ತುಂಬಿದ ಬಕೆಟ್ಟಿನ ಮೇಲೆ ಅದನ್ನು ಹಿಡಿಯಬೇಕು. "ಸೊನ್ನೆ, ಸುರಕ್ಷಿತ" ಎಂದು ಗಟ್ಟಿಯಾಗಿ ಹೇಳಬೇಕು. ಪರೀಕ್ಷೆ ಅಷ್ಟೇ.

ಗೌರಾ ಕೇಳಿದಳು: "ಸಾರ್, ಇದು ಯಾವತ್ತಾದ್ರೂ ಸೊನ್ನೆ ಬಿಟ್ಟು ಬೇರೆ ಏನಾದ್ರೂ ತೋರಿಸಿದ್ದುಂಟಾ?"

"ಸೊನ್ನೆ ಬಂದ್ರೆ ನೀನು ಪಾಸು ಕಣಮ್ಮ. ಬೇರೆ ಏನಾದ್ರೂ ಬಂದ್ರೆ ನೀನೂ ಫೇಲು, ನಾನೂ ಫೇಲು," ಎಂದರು ಪಶುಪತಿ.

ಎಲ್ಲರೂ ನಕ್ಕರು. ಗೌರಾಳೂ ನಕ್ಕಳು. ಹೇಳಬೇಕಾದದ್ದನ್ನು ಹೇಳಿ, ಪ್ರಮಾಣಪತ್ರ ಪಡೆದಳು.

ಸ್ವಲ್ಪ ಕಾಲದ ನಂತರ ಘಟಕದಿಂದ ಇಬ್ಬರಿಗೂ ಕರೆ ಬಂತು. ಘಟಕದ ಮುಖ್ಯಸ್ಥೆ ಪಂಕಜಾಕ್ಷಿ ಅವರನ್ನು ನೇರವಾಗಿ ಬಾವಿಯ ಬಳಿಗೆ ಕರೆದೊಯ್ದರು. ಪಶುಪತಿಯವರೂ ಮೀಟರಿನೊಂದಿಗೆ ಬಂದಿದ್ದರು. "ನಮ್ಮ ಮಕ್ಕಳ ಕೈ ಪಳಗಿರೋದು ನಮ್ಮ ಮೀಟರಿನ ಮೇಲೆ ಮೇಡಂ," ಎಂದು ಹೆಮ್ಮೆಯಿಂದ ಹೇಳಿದರು.

ಅದು ಮಧ್ಯಾಹ್ನ. ಗಾಳಿ ನಿಂತುಹೋಗಿತ್ತು. ಮುಚ್ಚಳ ಸರಿಸಿದಾಗ ಕೊಳೆತ ಮೊಟ್ಟೆಯ ವಾಸನೆ ಮುಖಕ್ಕೆ ಹೊಡೆಯಿತು. ಆಳದಲ್ಲಿ ಗುಳ್ಳೆಗಳು ಒಂದೊಂದಾಗಿ ಎದ್ದು ಒಡೆಯುತ್ತಿದ್ದವು. ಯಾರೋ ಮಲಗಿ ನಿಧಾನವಾಗಿ ಉಸಿರಾಡಿದಂತೆ ಆ ಸದ್ದು ಕೇಳುತ್ತಿತ್ತು. ಬಾವಿಯ ಬಾಯಿಗೆ ಹೋಗುವ ಯಾರೇ ಆದರೂ ಮೈಗೆ ಪಟ್ಟಿ ಬಿಗಿದು ಅದಕ್ಕೆ ಹಗ್ಗ ಕಟ್ಟಿಸಿಕೊಳ್ಳಬೇಕೆಂಬುದು ಘಟಕದ ನಿಯಮ. ಇಬ್ಬರಿಗೂ ಕಟ್ಟಿದರು. ಹಗ್ಗ ಸುತ್ತುವ ರಾಟೆಯ ಬಳಿ ಕೆಲಸಗಾರರು ನಿಂತರು.

"ಪಂಪಿಗೆ ಬಟ್ಟೆ ಸಿಕ್ಕಿಕೊಂಡಿದೆ. ಒಬ್ಬರು ಇಳೀಬೇಕು," ಎಂದರು ಪಂಕಜಾಕ್ಷಿ. "ಈಗ ಇಳಿಯಬಹುದೋ, ಇಳಿಯಬಾರದೋ? ನೀವು ಇಳಿಯೋದು ಬೇಡ. ಹೇಳಿ ಸಾಕು. ಸರಿಯಾಗಿ ಹೇಳಿದವರಿಗೆ ಕೆಲಸ."

ಅವರು ತಮ್ಮ ಮೀಟರಿನಿಂದ ಬೆಳಿಗ್ಗೆಯೇ ಅಳೆದು ನೋಡಿದ್ದರು. ಉತ್ತರ ಅವರಿಗೆ ಗೊತ್ತಿತ್ತು. ಈ ಇಬ್ಬರಿಗೆ ಗೊತ್ತಿದೆಯೇ ಎಂಬುದಷ್ಟೇ ತಿಳಿಯಬೇಕಿತ್ತು.

ಇಂದುಧರ ಮಂಡಿಯೂರಿ ಕೇಂದ್ರದ ಮೀಟರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟ. ತುಸು ಹೊತ್ತು ಹಾಗೆಯೇ ಬಾಗಿದ್ದು, ಮೇಲೆಳೆದು ನೋಡಿದ.

"ಸೊನ್ನೆ, ಸುರಕ್ಷಿತ," ಎಂದ. "ಆಗ ಬಂದ ವಾಸನೆಯೂ ಈಗ ಹೋಯ್ತು ಮೇಡಂ."

ಗೌರಾಳ ಸರದಿ ಬಂತು. ಅವಳಿಗೂ ಸೊನ್ನೆಯೇ ಬಂತು. "ಸುರಕ್ಷಿತ" ಎಂಬ ಮಾತು ನಾಲಿಗೆಯ ತುದಿಯಲ್ಲಿ ತಾನಾಗಿಯೇ ಸಿದ್ಧವಾಗಿ ನಿಂತಿತ್ತು. ಅವಳು ಬೇಲಿಯ ಕಡೆ ನೋಡಿದಳು. ಕಾಗೆಗಳು ಅಲ್ಲೇ ಇದ್ದವು. ಮಾತು ಹೊರಟರೆ ಕೆಲಸ ಸಿಗಬಹುದು. ತಡೆದರೆ, ತನ್ನ ಪ್ರಮಾಣಪತ್ರ ಬರಿಯ ಕಾಗದವೆಂದು ತಾನೇ ಒಪ್ಪಿಕೊಂಡು ಸೀರೆ ಮಡಿಸಲು ಹಿಂದಿರುಗಬೇಕು.

"ನನಗೆ ಗೊತ್ತಿಲ್ಲ ಮೇಡಂ," ಎಂದಳು.

"ಗೊತ್ತಿಲ್ಲ ಅಂದ್ರೇನಮ್ಮ? ಮೀಟರು ಹೇಳ್ತಿದೆಯಲ್ಲ," ಎಂದರು ಪಶುಪತಿ. "ಸೊನ್ನೆ ಓದೋಕೂ ನಿನಗೆ ಬೇರೆ ಕ್ಲಾಸು ತಗೋಬೇಕಾ?"

"ಬಕೆಟ್ಟಿನ ನೀರಿನ ಮೇಲೂ ಅದು ಸೊನ್ನೆ ಅಂತಲೇ ಹೇಳಿತ್ತು ಸಾರ್. ಅದು ಬೇರೆ ಮಾತಾಡಿದ್ದನ್ನ ನಾನು ಕೇಳೇ ಇಲ್ಲ. ನೀವು ಅದನ್ನ ನಂಬ್ತೀರಲ್ಲ, ಒಂದೆರಡು ಮೆಟ್ಟಿಲು ಇಳಿದು ತೋರಿಸಿ. ನಿಮ್ಮ ಹಿಂದೆ ನಾನೂ ಬರ್ತೀನಿ."

ಪಶುಪತಿಯವರ ಬಲಗಾಲು ಹಿಂದಕ್ಕೆ ಸರಿಯಿತು. ನಂತರ ಎಡಗಾಲು ಸರಿಯಿತು. ಅಲ್ಲಿದ್ದವರೆಲ್ಲ ಅದನ್ನು ನೋಡಿದರು. ಇಂದುಧರನೂ ನೋಡಿದ. ಆದರೆ ನೋಡಿದ್ದು ಅವನಿಗೆ ಎಚ್ಚರಿಕೆಯಾಗಿ ಕಾಣಲಿಲ್ಲ, ಅವಕಾಶವಾಗಿ ಕಂಡಿತು.

"ಸಾರ್‌ಗೆ ಮಂಡಿ ನೋವು ಮೇಡಂ. ನಾನಿಳೀತೀನಿ," ಎಂದವನೇ ಕಬ್ಬಿಣದ ಏಣಿಯ ಮೇಲೆ ಕಾಲಿಟ್ಟ. ತಡೆಯಲು ಪಂಕಜಾಕ್ಷಿ ಚಾಚಿದ ಕೈಗೆ ಅವನು ಸಿಗಲಿಲ್ಲ. ಅವನ ತಲೆ ಕಟ್ಟೆಯ ಕೆಳಕ್ಕೆ ಹೋಯಿತು.

"ಹತ್ತಿ ಬಾ. ಈಗಲೇ ಹತ್ತು," ಎಂದು ಪಂಕಜಾಕ್ಷಿ ಕೂಗಿದರು.

ಕೆಳಗಿನಿಂದ ಅವನ ದನಿ ಬಂತು. ಅದು ಮೆತ್ತಗಿತ್ತು, ನೆಮ್ಮದಿಯಿಂದ ಕೂಡಿತ್ತು. "ಏನೂ ಇಲ್ಲ ಮೇಡಂ. ಮೇಲಿಗಿಂತ ಇಲ್ಲೇ ಚೆನ್ನಾಗಿದೆ. ವಾಸನೆ ಅನ್ನೋದೇ ಇಲ್ಲ. ಗೌರಾ, ನೀನೂ ಬಾ, ಇಲ್ಲಿ..."

ಆ ಮಾತು ಮುಗಿಯಲಿಲ್ಲ. ಹಗ್ಗ ಒಮ್ಮೆಲೇ ಬಿಗಿಯಾಯಿತು. ರಾಟೆ ಆಗಲೇ ತಿರುಗುತ್ತಿತ್ತು. ಇಂದುಧರ ಬೆಳಕಿಗೆ ಬಂದಾಗ ಅವನ ಕೈಕಾಲುಗಳು ಜೋತುಬಿದ್ದಿದ್ದವು. ಮುಖದ ಮೇಲೆ ಮುಗುಳ್ನಗೆ ಹಾಗೆಯೇ ಇತ್ತು.

ಅವನನ್ನು ದೂರ ಹೊತ್ತೊಯ್ದು ಮುಖಕ್ಕೆ ಆಮ್ಲಜನಕದ ಮುಸುಕು ಹಾಕಿದರು. ಎದೆ ಏರುವುದನ್ನು ಎಲ್ಲರೂ ಕಾದರು. ಬಹಳ ಹೊತ್ತಾದಂತೆ ತೋರಿತು. ಕೊನೆಗೆ ಏರಿತು. ಆಂಬುಲೆನ್ಸಿಗೆ ಕರೆ ಹೋಯಿತು.

"ಈ ಗಾಳಿ ಮೊದಲು ಮೂಗನ್ನ ಕೊಲ್ಲುತ್ತೆ," ಎಂದರು ಪಂಕಜಾಕ್ಷಿ. "ವಾಸನೆ ಹೋಯ್ತು ಅಂದ್ರೆ ವಿಷ ಹೋಯ್ತು ಅಂತಲ್ಲ, ಮೂಗು ಹೋಯ್ತು ಅಂತ. ಇದು ಮೊದಲನೇ ದಿನದ ಪಾಠ. ನೀವು ಹೇಳಿಕೊಟ್ಟಿರಲಿಲ್ವಾ ಪಶುಪತಿಯವರೇ?"

ಪಂಕಜಾಕ್ಷಿ ಕೇಂದ್ರದ ಮೀಟರನ್ನು ತೆಗೆದುಕೊಂಡು, ಇಂಥ ಪರೀಕ್ಷೆಗೆಂದೇ ಇಟ್ಟಿದ್ದ ಪುಟ್ಟ ಡಬ್ಬಿಯಿಂದ ಅದಕ್ಕೆ ಸ್ವಲ್ಪ ಅನಿಲ ಹಾಯಿಸಿದರು. ಮೀಟರು ಕೂಗಬೇಕಿತ್ತು. ಅದು ಸೊನ್ನೆ ತೋರಿಸಿತು. ಅದರ ಮೂತಿಯಲ್ಲಿದ್ದ ಸಣ್ಣ ಜಾಲರಿಯನ್ನು ಉಗುರಿನಿಂದ ಕೆರೆದರು. ಗಟ್ಟಿಯಾದ ಕೆಂಪು ಹೆಪ್ಪೊಂದು ಕಳಚಿ ಅಂಗೈಗೆ ಬಿತ್ತು. ಅದು ಕುಂಕುಮ.

"ಪ್ರತಿ ವರ್ಷ ಆಯುಧಪೂಜೆಗೆ ಗಂಧ, ಕುಂಕುಮ ಇಟ್ಟಿದ್ದೀವಿ ಮೇಡಂ," ಎಂದರು ಪಶುಪತಿ. ಅವರ ದನಿ ಕುಗ್ಗಿತ್ತು. "ನಾವು ಅದನ್ನ ಅಲಕ್ಷ್ಯ ಮಾಡಿಲ್ಲ. ಯಾರೂ ಮುಟ್ಟಿ ಹಾಳು ಮಾಡಬಾರದು ಅಂತ ಬೀರುವಿನಲ್ಲಿ ಇಟ್ಟಿದ್ವಿ."

"ಪೂಜೆ ತಪ್ಪಲ್ಲ. ಮಾರನೇ ದಿನ ಒರೆಸಿ ಕೆಲಸಕ್ಕೆ ಹಚ್ಚಬೇಕಿತ್ತು. ನೀವು ಆಯುಧವನ್ನ ದೇವರು ಮಾಡಿಬಿಟ್ರಿ. ದೇವರನ್ನ ಯಾರು ಪರೀಕ್ಷೆ ಮಾಡ್ತಾರೆ?"

ಇಂದುಧರ ಕಣ್ಣು ತೆರೆದ. ಮುಸುಕಿನೊಳಗಿನಿಂದ ಏನೋ ಹೇಳಿದ. ಗೌರಾ ಬಾಗಿ ಕಿವಿಗೊಟ್ಟಳು. ಕೆಲಸ ಸಿಕ್ಕಿತೇ ಎಂದು ಅವನು ಕೇಳುತ್ತಿದ್ದ.

"ಕೆಲಸ ಇದೆ," ಎಂದರು ಪಂಕಜಾಕ್ಷಿ. "ಬಲ್ಲವರೇ ಇಲ್ಲ. ಗೊತ್ತಿಲ್ಲ ಅಂದವಳಿಗೆ ಕಲಿಸಬಹುದು. ಗೌರಾ, ನೀನು ನಾಳೆಯಿಂದ ಬಾ. ಇಂದುಧರ, ನೀನು ಎದ್ದು ಓಡಾಡೋ ಹಾಗಾದ ಮೇಲೆ ಕಲಿಯೋಕೆ ಬಾ. ಪೂರ್ತಿ ಕಲಿತ ದಿನ ನಿನಗೂ ಕೆಲಸ. ಅಲ್ಲಿವರೆಗೆ ಈ ಕಟ್ಟೆ ಹತ್ತೋ ಹಾಗಿಲ್ಲ."

ಗೌರಾ ಎದ್ದು ನಿಂತಳು. ಅವಳ ಮುಖದಲ್ಲಿ ಸಂತೋಷವಿರಲಿಲ್ಲ. ಅವಳು ಪಶುಪತಿಯವರ ಕಡೆ ತಿರುಗಿದಳು.

"ಸಾರ್, ನಮಗಿಂತ ಮುಂಚಿನ ಬ್ಯಾಚಿನವರೂ ಇದೇ ಮೀಟರಿನಲ್ಲೇ ಪಾಸಾದ್ರಲ್ಲ. ಅವರೆಲ್ಲ ಈಗ ಎಲ್ಲೆಲ್ಲಿದ್ದಾರೆ?"

ಅವರೆಲ್ಲರಿಗೂ ಕೆಲಸ ಸಿಕ್ಕಿತ್ತು. ಊರೂರಿನ ಇಂಥದೇ ಬಾವಿಗಳ ಬಳಿ ಅವರನ್ನು ನೇಮಿಸಿಕೊಂಡಿದ್ದರು. ಪಶುಪತಿಯವರು ಅದನ್ನು ಸಭೆಗಳಲ್ಲಿ ಹೇಳಿಕೊಂಡು ಚಪ್ಪಾಳೆ ಗಿಟ್ಟಿಸಿದ್ದರು. ಈಗ ಅವರು ಜೇಬಿನಿಂದ ಫೋನು ತೆಗೆದು, ಹಳೆಯ ಶಿಷ್ಯನೊಬ್ಬನ ಸಂಖ್ಯೆ ಒತ್ತಿ ಕಿವಿಗೆ ಹಿಡಿದರು. ಅತ್ತ ಕಡೆ ಫೋನು ರಿಂಗಾಯಿತು. ರಿಂಗಾಗುತ್ತಲೇ ಹೋಯಿತು, ಯಾರೂ ಎತ್ತಲಿಲ್ಲ.

"ಊಟಕ್ಕೆ ಹೋಗಿರಬೇಕು," ಎಂದರು.

ಅವರು ಮತ್ತೆ ಅದೇ ಸಂಖ್ಯೆಯನ್ನು ಒತ್ತಿದರು.

ನೀತಿ: ನೀರು, ಗಾಳಿ, ಮಣ್ಣನ್ನು ಕಾಯುವ ವಿದ್ಯೆ ಪದವೀಧರನಿಗೆ ಅನ್ನ ಕೊಡುತ್ತದೆ, ಊರಿಗೆ ಉಸಿರು ಕೊಡುತ್ತದೆ, ಆದರೆ ಅದನ್ನು ಕೈಯಿಂದ ಮುಟ್ಟಿ ಕಲಿತಿರಬೇಕು. ಕಲಿಸದೆ ಕೊಟ್ಟ ಪ್ರಮಾಣಪತ್ರ ಅಜ್ಞಾನಕ್ಕಿಂತ ಅಪಾಯಕರ, ಏಕೆಂದರೆ ಅಜ್ಞಾನಿ ಅಂಚಿನಲ್ಲೇ ನಿಲ್ಲುತ್ತಾನೆ. ತಾನು ಇಳಿಯಲಾರದ ಬಾವಿಗೆ ಶಿಷ್ಯನನ್ನು ಕಳುಹಿಸುವವನು ಗುರುವಲ್ಲ.